ಕೊಂಬೆ ಜಾರಿರಲಿಲ್ಲ, ಅಳಿಲೇ

ಅಳಿಲಮ್ಮಾ,

ನೀನು ಸೊಸೆಯಾಗಿ ಬಂದು ಆರು ವರ್ಷವಾಯಿತು. ಮರ ಸವರುವ ನಮ್ಮ ಗುಂಪಿನವರು ಇಟ್ಟ ಈ ಅಡ್ಡಹೆಸರು ಮನೆಯೊಳಗೂ ಬಂದು ಕೂತುಬಿಟ್ಟಿದೆ, ಹಾಗೇ ಕರೆಯುತ್ತೇನೆ. ಒಂದೇ ಸೂರಿನಡಿ ಇದ್ದುಕೊಂಡು ಪಕ್ಕದ ಕೋಣೆಗೆ ಕಾಗದ ಬರೆಯುವ ಮಾವ ಲೋಕದಲ್ಲಿ ನಾನೊಬ್ಬನೇ ಇರಬೇಕು. ಎದುರು ನಿಂತು ಹೇಳೋಣವೆಂದು ನಿನ್ನೆಯಿಂದ ಮೂರು ಸಲ ನಿನ್ನ ಬಾಗಿಲವರೆಗೆ ಬಂದೆ. ಮೂರು ಸಲವೂ “ನನ್ನ ಕನ್ನಡಕ ನೋಡಿದ್ಯಾ?” ಎಂದು ಕೇಳಿ ಹಿಂದಿರುಗಿದೆ. ಮೂರನೆಯ ಸಲ ನೀನು, “ಮಾವ, ಅದು ನಿಮ್ಮ ಮೂಗಿನ ಮೇಲೇ ಇದೆ” ಎಂದೆ. ನಗಲಿಲ್ಲ ನೀನು. ಮೊದಲಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ನಿನ್ನೆ ನೀನು ಮೇಸ್ತ್ರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. “ನಾನಿನ್ನು ಮರ ಹತ್ತಲ್ಲ ಸಾರ್. ಸೋಮವಾರದಿಂದ ಸಸಿ ಬೆಳೆಸೋ ಕಡೆ ಹಾಕಿಬಿಡಿ. ಕೊಂಬೆ ಆರಿಸೋದ್ರಲ್ಲಿ ನನ್ನ ಕಣ್ಣನ್ನ ನಾನೇ ನಂಬೋಕಾಗ್ತಿಲ್ಲ.” ಅಷ್ಟು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದಾಗಲಿಲ್ಲ.

ಒಂಟಿ ಹಗ್ಗದ ಪದ್ಧತಿಯನ್ನು ನೀನು ಕಲಿತು ಬಂದಾಗ ಮೂಗು ಮುರಿದವನು ನಾನೇ. ನಮ್ಮ ಕಾಲದಲ್ಲಿ ಹಗ್ಗ ಕೊಂಬೆಯನ್ನು ಬಳಸಿ ಮತ್ತೆ ನಮ್ಮ ಸೊಂಟಕ್ಕೇ ಬರುತ್ತಿತ್ತು. ತೋಳು ಸೋಲುವ ತನಕ ಎಳೆದುಕೊಂಡು ಹತ್ತುತ್ತಿದ್ದೆವು. ನೀನೋ, ತೂಕದ ಪುಟ್ಟ ಚೀಲ ಕಟ್ಟಿದ ದಾರವನ್ನು ಮೇಲಿನ ಕವಲಿಗೆ ಎಸೆದು, ಅದರ ಹಿಂದೆ ಹಗ್ಗ ಹಾಯಿಸಿ, ಒಂದು ತುದಿಯನ್ನು ಮರದ ಬುಡಕ್ಕೆ ಬಿಗಿದು, ಇನ್ನೊಂದು ಎಳೆಯ ಮೇಲೆ ಮೆಟ್ಟಿಲು ಹತ್ತಿದಂತೆ ಹತ್ತಿಹೋಗುತ್ತಿದ್ದೆ. ಹಗ್ಗವನ್ನು ಕಚ್ಚಿ ಹಿಡಿಯುವ ಹಲ್ಲಿನ ಹಿಡಿಕೆ ಪಾದಕ್ಕೊಂದು, ಮೊಣಕಾಲಿಗೊಂದು. ನಾನು “ಇದೇನು ಸರ್ಕಸ್ಸು?” ಎಂದರೆ, “ಸರ್ಕಸ್ಸಿನವರಿಗೆ ಕೆಳಗೆ ಬಲೆ ಇರುತ್ತೆ, ನನಗೆ ನೀವಿದ್ದೀರಿ” ಎನ್ನುತ್ತಿದ್ದೆ. ಮರದ ಕಸುಬು ನಮ್ಮ ರಕ್ತದಲ್ಲೇ ಇದೆ ಎಂದು ಊರೆಲ್ಲ ಕೊಚ್ಚಿಕೊಂಡವನು ನಾನು. ನನ್ನ ಮಗನಿಗೆ ಸ್ಟೂಲಿನ ಮೇಲೆ ನಿಂತು ಬಲ್ಬು ಹಾಕಿದರೆ ತಲೆ ತಿರುಗುತ್ತದೆ. ಕಸುಬು ಕೈಹಿಡಿದದ್ದು ನಿನಗೆ. ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು. ಎರಡನ್ನೂ ನಿನ್ನೆದುರು ಆಡಲಿಲ್ಲ.

ಬುಡದ ಕಟ್ಟಿಗೆ ನೀನು ಎಂಟರಾಕಾರದ ಕಬ್ಬಿಣ ಹಾಕುತ್ತಿದ್ದದ್ದು ಯಾಕೆಂದು ನನಗೆ ಗೊತ್ತಿತ್ತು. “ಮೇಲೆ ನನಗೇನಾದ್ರೂ ಆಗಿ ಕೈಕಾಲು ಆಡದೇ ಹೋದ್ರೆ, ನೀವು ನೆಲದಲ್ಲೇ ನಿಂತು ಇದರಿಂದ ಹಗ್ಗ ಬಿಟ್ಟು ನನ್ನನ್ನ ಇಳಿಸಬಹುದು ಮಾವ. ಬೇರೆ ಯಾರ ಕೈಗೂ ಕೊಡಬೇಡಿ” ಎಂದಿದ್ದೆ. ತಲೆಯಾಡಿಸಿದ್ದೆ. ತಲೆಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ. ನಲವತ್ತು ವರ್ಷ ಈ ಕೈಗಳಿಗೆ ಗೊತ್ತಿದ್ದದ್ದು ಒಂದೇ: ಬುಡಕ್ಕೆ ಕಟ್ಟಿದ ಹಗ್ಗವೆಂದರೆ ಕಡಿದ ಕೊಂಬೆ ಇಳಿಸುವ ಹಗ್ಗ. ಅದರಲ್ಲಿ ಮನುಷ್ಯರು ತೂಗುವುದಿಲ್ಲ.

ಮೂರು ತಿಂಗಳ ಹಿಂದೆ, ಗ್ರಂಥಾಲಯದ ಹಿಂದಿನ ಆ ದೊಡ್ಡ ಮರದಲ್ಲಿ ಅವತ್ತು ಬುಡಕ್ಕೆ ಎರಡು ಹಗ್ಗಗಳಿದ್ದವು. ಒಂದರ ತುದಿಯಲ್ಲಿ ಕಡಿದ ಕೊಂಬೆ, ಇನ್ನೊಂದರಲ್ಲಿ ನೀನು. “ಇಳಿಸಿ ಮಾವ!” ಎಂದು ಮೇಲಿಂದ ಕೂಗಿದೆ. ನಾನು ಲಾರಿಯವನ ಜೊತೆ ಏನೋ ಹರಟುತ್ತ, ನೋಡದೆ ಕೈಹಾಕಿದೆ. ಬಿಗಿ ಸಡಿಲಿಸಿ ಹಗ್ಗ ಬಿಟ್ಟೆ. ಕೊಂಬೆ ಕೆಳಗೆ ಬರಲಿಲ್ಲ. ನೀನು ಬಂದೆ.

ಒಂದು ಮಾರು ಹಗ್ಗ ಓಡಿತು, ಅಷ್ಟೇ. ಅಷ್ಟರಲ್ಲಿ ನನಗೆ ಎಚ್ಚರವಾಗಿ ಅದುಮಿ ಹಿಡಿದೆ. ನೀನು ಸೊಂಟದಿಂದ ಕಾಂಡಕ್ಕೆ ಬಳಸಿದ್ದ ಕಿರುಹಗ್ಗವೂ ತಡೆಯಿತು. ನಿನ್ನ ಭುಜ ಕಾಂಡಕ್ಕೆ ಬಡಿದ ಸದ್ದು ಕೇಳಿತು. ಮೊದಲಿದ್ದ ಹಾಗೇ ಹಗ್ಗ ಬಿಗಿದೆ. ಆಮೇಲೆ ತಲೆಯೆತ್ತಿ, ಏನೂ ಅರಿಯದವನಂತೆ “ಏನಾಯ್ತಮ್ಮಾ?” ಎಂದು ಕೇಳಿದೆ. ನೀನು, “ಕವಲು ಜಾರಿತು ಅನ್ಸುತ್ತೆ ಮಾವ. ಬುಡಕ್ಕೆ ಬಿಗಿದಾಗ ಕೊಂಬೆಗೆ ಎರಡರಷ್ಟು ಭಾರ ಬೀಳುತ್ತೆ, ನಾನೇ ಸರಿಯಾಗಿ ಅಂದಾಜು ಮಾಡ್ಲಿಲ್ಲ” ಎಂದೆ. ಆಗಲಾದರೂ ಬಾಯಿ ಬಿಡಬೇಕಿತ್ತು. ನಾನೇನಂದೆ, ನೆನಪಿದೆಯಾ? “ನೋಡಿ ಆರಿಸ್ಬೇಕಿತ್ತು” ಎಂದೆ. ಥೂ, ನನ್ನ ನಾಲಿಗೆಯೇ!

ಮರುದಿನ ನನ್ನ ಅಂಗೈ ಸುಲಿದದ್ದು ಕಂಡು ಮುಲಾಮು ಹಚ್ಚಿದವಳು ನೀನು. “ಗ್ಲೋವ್ಸ್ ಹಾಕ್ಕೊಳ್ಳಿ ಅಂತ ಎಷ್ಟು ಸಲ ಬಡ್ಕೊಳ್ಳಲಿ?” ಎಂದು ಬೈಯುತ್ತ ಬಟ್ಟೆ ಸುತ್ತಿದೆ. ನಿನ್ನ ಹಗ್ಗವೇ ಸುಟ್ಟ ಕೈ ಅದು. ಸುತ್ತಿಸಿಕೊಂಡು ಕೂತಿದ್ದೆ.

ಮೂರು ತಿಂಗಳಿಂದ ನೀನು ನೆಲ ಬಿಟ್ಟಿಲ್ಲ. ಕಡಿದ ಕೊಂಬೆಗಳನ್ನು ಚೂರು ಮಾಡುವ ಯಂತ್ರಕ್ಕೆ ಒಡ್ಡುತ್ತ, ಬೇರೆಯವರು ಹತ್ತುವಾಗ ಮುಖ ತಿರುಗಿಸಿ ನಿಲ್ಲುತ್ತೀಯ. ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡು ಎದ್ದೆ. ಹೇಳಿದರೆ ನೀನು ನನ್ನನ್ನು ಮಾವ ಎಂದು ಕರೆಯುವ ದನಿಯೇ ಬದಲಾಗುತ್ತದೆ ಎಂಬ ಹೆದರಿಕೆ. ಅಷ್ಟೇ ಕಾರಣ, ಬೇರೆ ಏನೂ ಇಲ್ಲ.

ಇವತ್ತು ಬೆಳಿಗ್ಗೆ ನೀವಿಬ್ಬರೂ ಹೊರಗೆ ಹೋದಾಗ, ಹಿತ್ತಲಿನ ಮರಕ್ಕೆ ನಿನ್ನ ಒಂಟಿ ಹಗ್ಗ ಕಟ್ಟಿದೆ. ನೀನು ಹತ್ತುವಾಗ ಸೊಂಟಕ್ಕೆ ಬಿಗಿಯುವ ಪಟ್ಟಿಗಳು ನನ್ನ ಹೊಟ್ಟೆಗೆ ಸಾಲದೆ ತುದಿಯ ತೂತಿಗೆ ಬಂದವು. ಹಿಡಿಕೆಗಳನ್ನು ಎಡಬಲ ತಪ್ಪಿ ಹಾಕಿಕೊಂಡು ಎರಡು ಸಲ ಮಗುಚಿಕೊಂಡೆ. ನಿನ್ನ ಅತ್ತೆ ಸೆರಗು ಬಾಯಿಗೊತ್ತಿ ನಕ್ಕಳು. ಕೊನೆಗೂ ಛಾವಣಿಯ ಎತ್ತರಕ್ಕೆ ಹೋದೆ. ಎಷ್ಟು ಹಗುರ ಮಾರಾಯ್ತಿ ಇದು! ಅಲ್ಲಿ ತೂಗುತ್ತಿರುವಾಗ ಕೆಳಗಿಂದ ಅವಳ ದನಿ ಬಂತು: “ರೀ, ಈ ಕಬ್ಬಿಣದಿಂದ ಹಗ್ಗ ಬಿಡಿಸಿದ್ರೆ ಏನಾಗುತ್ತೆ?” ಬಗ್ಗಿ ನೋಡಿದೆ. ಅವಳ ಕೈ ಅದರ ಮೇಲಿತ್ತು.

“ಕೈ ತೆಗಿಯೇ ಮಹಾತಾಯಿ!” ಎಂದು ಕಿರುಚಿದೆ. ಕೆಳಗಿಳಿದವನು ಬುಡದಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಅವಳಿಗೆ ಎಲ್ಲ ಹೇಳಿದೆ. ಅವಳು ಬಗ್ಗಿ ನನ್ನ ಪಟ್ಟಿಗಳನ್ನು ಬಿಚ್ಚಿದಳು. ಆಮೇಲೆ, “ನನ್ನ ಹತ್ರ ಯಾಕೆ ಅಳ್ತೀರಿ? ಮಗು ಮೂರು ತಿಂಗಳಿಂದ ತನ್ನನ್ನೇ ಬೈಕೊಳ್ತಿದೆ” ಎಂದಳು.

ಗ್ರಂಥಾಲಯದ ಹಿಂದಕ್ಕೆ ಹೋಗಿ ನೋಡಿ ಬಂದೆ. ನೀನು ಆರಿಸಿದ ಕೊಂಬೆ ಬಿರುಕು ಕೂಡ ಬಿಡದೆ ನಿಂತಿದೆ. ನಾನು ಆರಿಸಿದ್ದರೂ ಅದನ್ನೇ ಆರಿಸುತ್ತಿದ್ದೆ. ಅಲ್ಲಿಂದ ಮೇಸ್ತ್ರಿಯ ಮನೆಗೆ ಹೋಗಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಇನ್ನು ನನ್ನನ್ನು ಯಾರ ಹಗ್ಗದ ಬುಡದಲ್ಲೂ ನಿಲ್ಲಿಸಬೇಡಿ ಎಂದೆ. ನಾಳೆಯಿಂದ ಯಂತ್ರಕ್ಕೆ ಕೊಂಬೆ ಒಡ್ಡುವವನು ನಾನು. ಆ ಜಾಗ ಖಾಲಿ ಮಾಡಿಕೊಡು.

ಸಿಟ್ಟು ಬಂದರೆ ಬರಲಿ ಅಳಿಲೇ, ಬರಲೇಬೇಕು. ಆದರೆ ಆ ಸಿಟ್ಟು ನನ್ನ ಮೇಲಿರಲಿ, ನಿನ್ನ ಕಣ್ಣಿನ ಮೇಲೆ ಬೇಡ. ನೀನು ಹತ್ತು. ಎಷ್ಟೇ ಎತ್ತರಕ್ಕೆ ಹೋದರೂ ನಿನ್ನ ಬುಡದಲ್ಲಿ ನನಗಿಂತ ಒಳ್ಳೆಯ ಕೈಗಳಿರಲಿ.

ಇಂತಿ, ಪಕ್ಕದ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಕೂತಿರುವ
ನಿನ್ನ ಮಾವ