ಮುಷ್ಟಿಗೆ ತುರುಕಿದ ಬೀಗದ ಕೈ

ಜನವರಿ 18, ಶನಿವಾರ. ಮಧುಗಿರಿ

ಆರೋಗ್ಯ ವೃತ್ತಿ ವಿದ್ಯಾರ್ಥಿಗಳ ಸಮ್ಮೇಳನದ ಪ್ರಥಮ ಚಿಕಿತ್ಸೆ ಸ್ಪರ್ಧೆಯಲ್ಲಿ ನಮ್ಮ ಜೋಡಿಗೆ ಸೊನ್ನೆ. ಅಂಕಗಳ ಪಟ್ಟಿ ನೋಡಿಬಂದು ಹೇಳಿದವಳು ಜೊತೆಗಾತಿ ಗೌಸಿಯಾ.

ತಪ್ಪು ನನ್ನದು. ಫಿಟ್ಸ್ ಬಂದಂತೆ ನಟಿಸುತ್ತಿದ್ದ ಹುಡುಗಿಯನ್ನು ಮಗ್ಗುಲಿಗೆ ಹೊರಳಿಸದೆ, ಅವಳ ಮುಷ್ಟಿಗೆ ಹಾಸ್ಟೆಲ್ ಬೀಗದ ಕೈ ತುರುಕಿದೆ. “ಉಸಿರು ಕಟ್ಟಿದ್ದರೆ?” ಎಂದರು ತೀರ್ಪುಗಾರರು. “ಓದಿದ್ದೆಲ್ಲ ಎಲ್ಲೋಯ್ತೇ?” ಎಂದಳು ಗೌಸಿಯಾ.

ಓದಿದ್ದೆ. ಆದರೆ ಮಿಡಿಗೇಶಿಯ ಮನೆಯಲ್ಲಿ ತಮ್ಮ ಓಬಳೇಶನಿಗೆ ಫಿಟ್ಸ್ ಬಂದಾಗಲೆಲ್ಲ, ಕಬ್ಬಿಣ ಹಿಡಿದರೆ ನಿಲ್ಲುತ್ತದೆಂದು ಎಂಟು ವರ್ಷದಿಂದ ಹಾಗೆಯೇ ಬೀಗದ ಕೈ ಹಿಡಿಸಿ, ಅಂಗಾತ ಅದುಮಿ ಹಿಡಿಯುತ್ತಿದ್ದೇವೆ.

ಇನ್ನು ಕೀ ಹಿಡಿಸಬೇಡ, ಪಕ್ಕಕ್ಕೆ ಮಲಗಿಸು ಎಂದು ಅಮ್ಮನನ್ನು ಫೋನಿನಲ್ಲಿ ಬೇಡಿಕೊಂಡೆ.

“ನಿಮ್ಮಜ್ಜಿ ಕೀ ಬುಡಾಕಿಲ್ಲ ಕಣಮ್ಮ. ನೀನೇ ಬಂದು ಕಿತ್ಕೊ.”

ಈ ವಾರ ಅವನಿಗೆ ಎರಡು ಸಲ ಬಂದಿದೆ. ಮತ್ತೆ ಬರುವ ಹೊತ್ತಿಗೆ ನಾನಲ್ಲಿರಬೇಕು.

ನಾಳೆ ಹತ್ತಕ್ಕೆ ಇದೇ ಸಮ್ಮೇಳನದಲ್ಲಿ ಮೂರ್ಛೆ ರೋಗದ ಕಾರ್ಯಾಗಾರ. ಅದನ್ನು ಮುಗಿಸಿಕೊಂಡು ಎರಡಕ್ಕೆ ಮಿಡಿಗೇಶಿ ಬಸ್ಸು.