ನಿಮ್ಮಪ್ಪ ಅಳಿಸಿದ್ದಲ್ಲ

ಹೊನ್ನಾಳಿ
ಬುಧವಾರ

ತಾಯಿ ಅರ್ಪಿತಾ,

ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಸುತ್ತಿ ಬಳಸಿ, ಊರ ಸಮಾಚಾರವೆಲ್ಲ ಬರೆದು, ಹೇಳಬೇಕಾದ್ದನ್ನು ಬಿಟ್ಟು ಸಹಿ ಹಾಕಿಬಿಡುವ ಆಸಾಮಿ ನಾನು. ನಿಮ್ಮವ್ವನ ಫೋಟೋ ಇದ್ದ ಆ ಫ್ಲಾಪಿಯನ್ನು ನಿಮ್ಮಪ್ಪ ಅಳಿಸಿದ್ದಲ್ಲ. ಅದನ್ನು ಹಾಳು ಮಾಡಿದವನು ನಾನು. ಎರಡು ವರ್ಷದ ಹಿಂದೆ ನೀನು ನಮ್ಮ ಮನೆಯ ಮಹಡಿಗೆ ಬಂದೆಯಲ್ಲ, ಆ ಭಾನುವಾರದ ಹಿಂದಿನ ದಿನ ಅದು ನನ್ನ ಕೈಯಲ್ಲೇ ಹಾಳಾಯಿತು. ಮಾರನೇ ದಿನ ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ಇಷ್ಟು ಓದಿ ನೀನು ಈ ಕಾಗದವನ್ನು ಹರಿದು ಹಾಕಿದರೂ ನನ್ನ ತಕರಾರಿಲ್ಲ. ತಾಳ್ಮೆ ಇದ್ದರೆ ಮುಂದಕ್ಕೂ ಓದು. ಕೊನೆಯಲ್ಲಿ ನಿನಗೆ ಸೇರಬೇಕಾದ ಒಂದು ವಿಷಯ ಇದೆ.

ನನ್ನ ಹುಚ್ಚು ನಿನಗೆ ಗೊತ್ತೇ ಇದೆ. ನ್ಯಾಮತಿಯಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರ್ ಕ್ಲಾಸ್ ನಡೆಸಿ, ಕಲಿಯುವವರು ಇಲ್ಲದಂತಾದ ಮೇಲೆ ಬಾಗಿಲು ಹಾಕಿ, ಹದಿನಾಲ್ಕು ಮುದಿ ಯಂತ್ರಗಳನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಹೊನ್ನಾಳಿಗೆ ಬಂದವನು. ಈಗ ಮಹಡಿಯ ಮೇಲೆ ಮೂವತ್ತೊಂದು ಇವೆ. "ಗುಜರಿಯವ್ನು ಬರ್ಲಿ, ನಿಮ್ಮನ್ನೂ ಸೇರ್ಸಿ ತಕ್ಕಡೀಗೆ ಹಾಕ್ತೀನಿ" ಎನ್ನುವುದು ನನ್ನ ಹೆಂಡತಿ ಅನ್ನಪೂರ್ಣಮ್ಮನ ದಿನನಿತ್ಯದ ಮಂತ್ರ. ಚನ್ನಗಿರಿಯ ರಂಗನಾಥ್, ಜಗಳೂರಿನ ಗುರುಬಸವರಾಜ್ ಮತ್ತು ನಾನು, ಹೀಗೆ ಮೂರು ಜನ ಹುಚ್ಚರು. ತಿಂಗಳಿಗೊಂದು ಭಾನುವಾರ ನಮ್ಮ ಮಹಡಿಯಲ್ಲಿ ಸೇರಿ, ಸತ್ತಿದೆ ಎಂದು ಜನ ಎಸೆದದ್ದನ್ನು ಬಿಚ್ಚಿ, ಒರೆಸಿ, ಬೆಸುಗೆ ಹಾಕಿ, ಅದು ಒಮ್ಮೆ ಕೀಂಯ್ ಎಂದು ಕಣ್ಣು ಬಿಟ್ಟರೆ ಚಪ್ಪಾಳೆ ತಟ್ಟುತ್ತಿದ್ದೆವು. ಮೂವರ ತಲೆಯೂ ನರೆತಿದೆ, ನಾಚಿಕೆ ಮಾತ್ರ ಇರಲಿಲ್ಲ.

ನಮ್ಮಲ್ಲಿ ಒಂದು ಕಟ್ಟುನಿಟ್ಟು ಇತ್ತು. ಹಳೇ ಫ್ಲಾಪಿ ಯಾವುದೇ ಬರಲಿ, ಮೊದಲು ಮೇಲಿನ ಪ್ಲಾಸ್ಟಿಕ್ ಬಿಚ್ಚಿ ಒಳಗಿನ ತೆಳು ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಬೂಷ್ಟು ಹಿಡಿದಿದ್ದರೆ ಸ್ಪಿರಿಟ್ಟಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಯಂತ್ರಕ್ಕೆ ಹಾಕಬೇಕು. ಹಾಗೇ ಹಾಕಿದರೆ ಬೂಷ್ಟು ಓದುವ ಹೆಡ್ಡಿಗೆ ಅಂಟಿಕೊಂಡು, ಬಿಲ್ಲೆ ಸುತ್ತಿದಂತೆಲ್ಲ ಅದರ ಮೇಲಿನ ಲೇಪವನ್ನು ಕೆರೆದು ಹಾಕುತ್ತದೆ. ಲೇಪ ಹೋದರೆ ಅದರಲ್ಲಿದ್ದದ್ದೂ ಹೋಯಿತು. ಈ ನಿಯಮ ಮಾಡಿದವನು ನಾನೇ. ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದವನೂ ನಾನೇ.

ನೀನು ಸಿಕ್ಕಿದ್ದು ನೀನು ನರ್ಸಾಗಿದ್ದ ನ್ಯಾಮತಿಯ ಆಸ್ಪತ್ರೆಯಲ್ಲಿ. ಯಾವುದೋ ಗೋದಾಮಿನಿಂದ ಹಳೇ ಪ್ರಿಂಟರ್ ಎತ್ತಿಕೊಂಡು ಬರುವಾಗ ಅಲ್ಲಿನ ನಾಯಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತ್ತು. ಇಂಜೆಕ್ಷನ್ನಿಗೆ ಬಂದು ಕೂತವನ ಜೇಬಿನಲ್ಲಿದ್ದ ಫ್ಲಾಪಿ ನೋಡಿ ನೀನು, "ಸಾರ್, ಇಂಥದ್ದು ನಮ್ಮನ್ಯಾಗೂ ಒಂದೈತೆ. ಅದ್ರಾಗೆ ನಮ್ಮವ್ವ ಅದಾಳೆ" ಅಂದೆ. ಸೂಜಿ ಚುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ.

ಮುಂದಿನ ಇಂಜೆಕ್ಷನ್ನುಗಳಿಗೆ ಬಂದಾಗ ಒಂದೊಂದೇ ಕೇಳಿ ತಿಳಿದುಕೊಂಡೆ. ನೀನು ಮೂರು ತಿಂಗಳ ಕೂಸಾಗಿದ್ದಾಗ ನಿಮ್ಮಪ್ಪ ಜಯಪ್ಪ, ನಿಮ್ಮವ್ವ ಓಬಮ್ಮ ಇಬ್ಬರೂ ಸೊಕ್ಕೆಯಿಂದ ಜಗಳೂರಿಗೆ ಬಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ್ದು. ಸ್ಟುಡಿಯೋದ ರವಿಕುಮಾರ್ ಹತ್ತಿರ ಆಗ ಹೊಸದಾಗಿ ಫ್ಲಾಪಿ ಹಾಕುವ ಕ್ಯಾಮೆರಾ ಬಂದಿದ್ದು, ಪ್ರಿಂಟಿಗೆ ದಾವಣಗೆರೆಗೆ ಹೋಗಬೇಕೆಂದು ಆತ ಫ್ಲಾಪಿಯನ್ನೇ ನಿಮ್ಮಪ್ಪನ ಕೈಗೆ ಕೊಟ್ಟಿದ್ದು. ಇವತ್ತು ನಾಳೆ ಎನ್ನುವುದರೊಳಗೆ ನಿಮ್ಮವ್ವ ಕಾಮಾಲೆಯಿಂದ ತೀರಿಕೊಂಡಳು. ಆಗ ನಿನಗೆ ಎಂಟು ತಿಂಗಳು. ಓಟರ್ ಕಾರ್ಡಿನಲ್ಲಿದ್ದ ಮುಖ ಬರೀ ಮಸಿ. ಬೇರೆ ಫೋಟೋ ಒಂದೂ ಇಲ್ಲ. ಚಿಕ್ಕವಳಿದ್ದಾಗ ನೀನು ಆ ಫ್ಲಾಪಿಯ ತಗಡಿನ ಬಾಗಿಲನ್ನು ಪಕ್ಕಕ್ಕೆ ಸರಿಸಿ, ಅವ್ವ ಕಾಣುತ್ತಾಳೇನೋ ಎಂದು ಒಂದು ಕಣ್ಣು ಮುಚ್ಚಿ ಇಣುಕುತ್ತಿದ್ದೆಯಂತೆ. ಅದನ್ನು ನೀನು ನಗುತ್ತಲೇ ಹೇಳಿದೆ. ನನಗೆ ನಗು ಬರಲಿಲ್ಲ. ಆ ಫ್ಲಾಪಿ ತಂದುಕೊಡು, ನಿಮ್ಮವ್ವನನ್ನು ತೋರಿಸುವ ಜವಾಬ್ದಾರಿ ನನ್ನದು ಅಂದೆ. ನೀನು ಅದನ್ನು ಬಿಳೀ ಕರ್ಚೀಫಿನಲ್ಲಿ ಸುತ್ತಿ ತಂದುಕೊಟ್ಟು, ಭಾನುವಾರ ಡ್ಯೂಟಿ ಇಲ್ಲ, ಬರುತ್ತೇನೆ ಎಂದು ಹೋದೆ.

ಶನಿವಾರ ನಡೆದದ್ದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಇನ್ನೂ ಕೈ ಬರುತ್ತಿಲ್ಲ.

ಭಾನುವಾರ ನೀನು ಹೊಸ ಚೂಡಿದಾರ ಹಾಕಿಕೊಂಡು ಬಂದಿದ್ದೆ. ರಂಗನಾಥ್, ಗುರುಬಸವರಾಜ್ ಇಬ್ಬರೂ ಕುರ್ಚಿ ಎಳೆದುಕೊಂಡು ಕೂತಿದ್ದರು. "ಇದರಲ್ಲಿ ಏನೂ ಇಲ್ಲಮ್ಮ. ಯಾರೋ ಅಳಿಸಿದ್ದಾರೆ" ಅಂದೆ. ಹಾಳಾಗಿದೆ ಎಂದಾದರೂ ಹೇಳಬಹುದಿತ್ತು. ಹಾಗೆಂದಿದ್ದರೆ ರಂಗನಾಥ್ ಬಿಚ್ಚಿ ನೋಡೋಣ ಎನ್ನುತ್ತಿದ್ದ. ಬಿಚ್ಚಿದರೆ ಗೀರು ಕಾಣುತ್ತಿತ್ತು. ಗೀರು ಕಂಡರೆ, ಗೋಡೆಯ ಮೇಲೆ ನಿಯಮ ಅಂಟಿಸಿದ ಮೇಷ್ಟ್ರೇ ತೊಳೆಯದೆ ಓದಿಸಿದ್ದಾರೆ ಎಂದು ಅವನಿಗೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಆ ಒಂದು ಅವಮಾನಕ್ಕೆ ಹೆದರಿ "ಅಳಿಸಿದ್ದಾರೆ" ಎಂಬ ಮಾತು ಆರಿಸಿಕೊಂಡೆ.

ನೀನು ಫ್ಲಾಪಿಯನ್ನು ಎತ್ತಿ ತಿರುಗಿಸಿ ನೋಡಿ ಮತ್ತೆ ಮೇಜಿನ ಮೇಲಿಟ್ಟೆ. "ಇದು ಅಪ್ಪನ ಹತ್ರ ಬಿಟ್ರೆ ಯಾರ ಕೈಗೂ ಹೋಗಿಲ್ಲ ಸಾರ್" ಅಂದೆ. ನಿಮ್ಮಪ್ಪ ಎರಡನೇ ಮದುವೆ ಆಗಿದ್ದು, ಮನೆಗೆ ಚಿಕ್ಕಮ್ಮ ಬಂದಿದ್ದು ಎಲ್ಲ ನಿನ್ನ ಮನಸ್ಸಿನಲ್ಲಿ ಹಾದು ಹೋಗುತ್ತಿರುವುದು ನನಗೆ ಕಾಣುತ್ತಿತ್ತು. ಒಂದೇ ಒಂದು ಮಾತು ಆಡಿದ್ದರೆ ಅದನ್ನು ಅಲ್ಲೇ ತಡೆಯಬಹುದಿತ್ತು. ನಾನು ಮೇಜಿನ ಮೇಲಿದ್ದ ವೈರುಗಳನ್ನು ಸುತ್ತಿಡತೊಡಗಿದೆ. ಹೋಗುವಾಗ ನೀನೇ, "ನೀವ್ಯಾಕೆ ಬೇಜಾರಾಗ್ತೀರಿ ಸಾರ್, ನೀವಾದ್ರೂ ಏನು ಮಾಡಾಕಾಗುತ್ತೆ" ಎಂದು ನನಗೆ ಸಮಾಧಾನ ಹೇಳಿದೆ.

ಇದಾಗಿ ಎಂಟು ಹತ್ತು ತಿಂಗಳಿಗೆ ನಿಮ್ಮಪ್ಪ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಈ ಸಂಗತಿ ನಿನಗೆ ಗೊತ್ತಿಲ್ಲ. ಮೂರು ಬಸ್ಸು ಬದಲಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದವರು ಕುರ್ಚಿ ತೋರಿಸಿದರೂ ಕೂರದೆ ನಿಂತೇ ಮಾತಾಡಿದರು.

"ಸಾರ್, ಮಗಳು ನನ್ ಕೂಡೆ ಮಾತು ಬಿಟ್ಟಾಳೆ. ನಾನು ಅಳಿಸಿಲ್ಲ ಸಾರ್. ಅಳ್ಸಾಕೆ ನಂಗೆ ಬರಾದೂ ಇಲ್ಲ. ನೀವೊಂದು ಮಾತು ಹೇಳಿದ್ರೆ ಕೇಳ್ತಾಳೆ."

ಆಮೇಲೆ ಅವರೇ ಇನ್ನೊಂದು ಕೇಳಿದರು. "ಒಂದು ಮಳೆಗಾಲ ಮನೆ ಸೋರ್ತಿತ್ತು ಅಂತ ಅದನ್ನ ಪಂಪ್‌ಹೌಸ್‌ನಾಗೆ ಇಟ್ಟಿದ್ದೆ. ನಾನು ನೀರುಗಂಟಿ ಅಲ್ರಾ, ಬೀಗ ನನ್ನ ಹತ್ರನೇ ಇರುತ್ತೆ. ಮೋಟ್ರು ಪಕ್ಕದ ಗೂಡಿನಾಗೆ ಇಟ್ಟಿದ್ದೆ. ಮೋಟ್ರಿನ ಆಯಸ್ಕಾಂತಕ್ಕೆ ಇಂಥವು ಅಳಿಸಿಹೋಗ್ತಾವೆ ಅಂತ ಯಾರೋ ಅಂದ್ರು. ಹಂಗೇನಾರ ಆಗಿರಬಹುದಾ ಸಾರ್?"

ಅರ್ಪಿತಾ, ಮೋಟರಿನಿಂದ ಏನೂ ಆಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಫೋಟೋಗಳು ಅದರಲ್ಲಿ ಭದ್ರವಾಗಿದ್ದದ್ದನ್ನು ನಾನು ನನ್ನ ಕಣ್ಣಿಂದಲೇ ನೋಡಿದ್ದೆ. ಆದರೂ ಅವರು ಅಂಗೈಯಲ್ಲಿ ಹಿಡಿದು ಕೊಟ್ಟಂತಿದ್ದ ಆ ಸಬೂಬನ್ನು ನಾನು ಗಬಕ್ಕನೆ ಹಿಡಿದುಕೊಂಡೆ. "ಆಗಿರಬಹುದು ಜಯಪ್ಪನವರೇ" ಅಂದೆ.

ಆಗ ಅವರು ಕೂತರು. ವಾಲ್ವ್ ತಿರುಗಿಸಿ ತಿರುಗಿಸಿ ಜಡ್ಡುಗಟ್ಟಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, "ನೆನೀಬಾರ್ದು ಅಂತ ಇಟ್ಟೆ ಸಾರ್" ಅಂದರು. ಅನ್ನಪೂರ್ಣಮ್ಮ ಊಟಕ್ಕೆ ಕರೆದಳು. ಒಲ್ಲೆನೆಂದು ನೀರು ಕುಡಿದು ಹೋದರು.

ಆ ಸಂಜೆ ಅವರು ನಿನಗೆ ಫೋನ್ ಮಾಡಿದ್ದರು. ಆಮೇಲೆ ನೀನೇ ನನಗೆ ಹೇಳಿದೆ, "ಅಪ್ಪ ಒಪ್ಪಿಕೊಂಡ ಸಾರ್. 'ನನ್ನಿಂದ್ಲೇ ಹೋಯ್ತು' ಅಂದ. ಮುಂದೇನೋ ಹೇಳಾಕೆ ಬಂದ, ನಾನು ಫೋನ್ ಇಟ್ಟುಬಿಟ್ಟೆ." ಆ ಮುಂದಿನ ಮಾತು ಪಂಪ್‌ಹೌಸಿನದು. ಅದು ನನಗೆ ಗೊತ್ತಿತ್ತು. ಅದೂ ಸುಳ್ಳೆನ್ನುವುದು ಗೊತ್ತಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ. ಹೆಂಡತಿಯನ್ನು ತನ್ನ ಕೈಯಾರೆ ಅಳಿಸಿದೆನೆಂದು ತಿಳಿದುಕೊಂಡೇ ಆ ಮನುಷ್ಯ ಇನ್ನೊಂದು ವರ್ಷ ಬದುಕಿದರು. ಹೋದ ತಿಂಗಳು, ಬೆಳಿಗ್ಗೆ ನೀರು ಬಿಡಲು ಹೋದವರು ಅಲ್ಲೇ ಎದೆ ಹಿಡಿದುಕೊಂಡು ಕೂತರಂತೆ.

ಗುರುಬಸವರಾಜ್ ಫೋನ್ ಮಾಡಿ ತಿಳಿಸಿದ. ಸೊಕ್ಕೆಗೆ ನಾನು ಬಂದಿದ್ದು ನೀನು ನೋಡಿದೆಯೋ ಇಲ್ಲವೋ. ಬುದ್ಧವಂದನೆ ಮುಗಿದು, ಅವರನ್ನು ಗುಂಡಿಗೆ ಇಳಿಸಿ, ಒಬ್ಬೊಬ್ಬರೇ ಮಣ್ಣು ಹಾಕುತ್ತಿದ್ದರು. ನೀನು ಬೇಲಿಯ ಹತ್ತಿರ ಕೈ ಕಟ್ಟಿಕೊಂಡು ನಿಂತಿದ್ದೆ. ನಿಮ್ಮಜ್ಜಿ ಭೀಮಕ್ಕ ಬಂದು ನಿನ್ನ ರಟ್ಟೆ ಹಿಡಿದು, "ಒಂದ್ ಹಿಡಿ ಮಣ್ಣಾದ್ರೂ ಹಾಕವ್ವ. ಎತ್ತಿ ಆಡ್ಸಿದಾನೆ" ಅಂದಿತು. ನೀನು ಕೈ ಬಿಡಿಸಿಕೊಂಡು ಬಸ್ ನಿಲ್ಲುವ ಕಡೆ ನಡೆದೆ. ಹಿಂದಿದ್ದವರು ಯಾರೋ ನನ್ನನ್ನು ಮುಂದಕ್ಕೆ ತಳ್ಳಿದರು. ನಾನು ಹಾಕಿದೆ ಅರ್ಪಿತಾ. ಮಗಳು ಹಾಕದ ಮಣ್ಣನ್ನು ನಾನು ಮೂರು ಹಿಡಿ ಹಾಕಿದೆ.

ಅವತ್ತಿನಿಂದ ಊಟ ಸೇರುತ್ತಿಲ್ಲ ಎಂದೆಲ್ಲ ಬರೆದು ನಿನ್ನ ಕನಿಕರ ಕೇಳುವುದಿಲ್ಲ. ಊಟ ಸೇರುತ್ತಿದೆ, ಅದಕ್ಕೇ ನನ್ನ ಮೇಲೆ ನನಗೆ ಅಸಹ್ಯ. ಮೊನ್ನೆ ರಂಗನಾಥನನ್ನು ಕರೆಸಿ ಎಲ್ಲ ಹೇಳಿದೆ. ನೀನು ಅವತ್ತು ನಮ್ಮಲ್ಲೇ ಬಿಟ್ಟುಹೋದ ಫ್ಲಾಪಿಯ ಬಿಲ್ಲೆಯನ್ನು ಅವನು ಹೊರಗೆ ತೆಗೆದು ಬಿಸಿಲಿಗೆ ಹಿಡಿದ. ಗೀರುಗಳ ಒಳಗಿಂದ ಬಿಸಿಲು ಈಚೆ ಬರುತ್ತಿತ್ತು. ಇನ್ನು ಯಾವ ಊರಿನ ಯಾವ ಯಂತ್ರಕ್ಕೂ ಇದನ್ನು ಓದಲು ಆಗುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡ. ಅವನು ನನ್ನನ್ನು ಕೇಳಿದ್ದು ಒಂದೇ: "ಎಷ್ಟು ಸಲ ಒತ್ತಿದ್ರಿ?" ಹನ್ನೊಂದು ಸಲ ಅಂದೆ. ಚಪ್ಪಲಿ ಮೆಟ್ಟಿಕೊಂಡು ಹೋದ. ಈ ತಿಂಗಳ ಭಾನುವಾರಕ್ಕೆ ಯಾರೂ ಬರಲಿಲ್ಲ. ಬರುವ ಭಾನುವಾರ ನಾನು ಸೊಕ್ಕೆಗೆ ಹೋಗಿ, ನಿಮ್ಮಜ್ಜಿಗೂ ನಿನ್ನ ಚಿಕ್ಕಮ್ಮನಿಗೂ ಇದನ್ನೆಲ್ಲ ಹೇಳುತ್ತೇನೆ. ಅವರು ಹೊಡೆದರೆ ಹೊಡೆಸಿಕೊಂಡು ಬರುತ್ತೇನೆ.

ಈಗ ಶನಿವಾರದ್ದು.

ಮಧ್ಯಾಹ್ನ ಫ್ಲಾಪಿಯ ಬಾಗಿಲು ಸರಿಸಿ ನೋಡಿದಾಗಲೇ ಬೂಷ್ಟು ಕಂಡಿತ್ತು. ಸ್ಪಿರಿಟ್ ಬಾಟಲಿ ಖಾಲಿಯಾಗಿತ್ತು. ಮೆಡಿಕಲ್ ಶಾಪ್ ನಮ್ಮ ಮನೆಯಿಂದ ಐದು ನಿಮಿಷದ ದಾರಿ. ನಾನು ಹೋಗಲಿಲ್ಲ. ಹಿಂದಿನ ತಿಂಗಳು ರಂಗನಾಥ್ ಚನ್ನಗಿರಿಯ ಯಾವುದೋ ಮಂಡಿಯ ಅಟ್ಟದಿಂದ ಊಟದ ತಟ್ಟೆಯಷ್ಟಗಲದ ಫ್ಲಾಪಿ ತಂದು ಓದಿಸಿ ಶಭಾಷ್ ಅನ್ನಿಸಿಕೊಂಡಿದ್ದ. ನನಗೆ ಅದು ಕುಟುಕುತ್ತಿತ್ತು. ಮಾರನೇ ದಿನ ನೀನು ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ತೆರೆಯ ಮೇಲೆ ನಿಮ್ಮವ್ವ ಇರಬೇಕು, ನೀನು ಅಳಬೇಕು, ಅವರಿಬ್ಬರೂ ನನ್ನನ್ನು ನೋಡಬೇಕು. ಇದೇ ನನ್ನ ತಲೆಯಲ್ಲಿ ಕುಣಿಯುತ್ತಿತ್ತು. ಒಂದು ಸಲಕ್ಕೆ ಏನಾಗುತ್ತದೆ ಎಂದುಕೊಂಡು ಹಾಕಿಬಿಟ್ಟೆ.

ಐದು ಫೋಟೋಗಳ ಹೆಸರು ಬಂದವು. ಮೊದಲನೆಯದನ್ನು ತೆರೆದೆ. ಹಳೇ ಯಂತ್ರ, ಮೇಲಿನಿಂದ ಒಂದೊಂದೇ ಗೆರೆ ಮೂಡುತ್ತಾ ಬಂತು. ಅರ್ಧಕ್ಕೆ ಬರುವಾಗ ಬೂದಿ ಹಾಕಿ ಪಾತ್ರೆಯ ತಳ ಉಜ್ಜಿದಂಥ ಸದ್ದು. ಚಿತ್ರ ನಿಂತಿತು. ಮತ್ತೆ ಓದಲೇ ಎಂದು ಯಂತ್ರ ಕೇಳಿತು. ಆಗಲೇ ಹೊರಗೆ ತೆಗೆದಿದ್ದರೆ ಮಿಕ್ಕ ನಾಲ್ಕಾದರೂ ಉಳಿಯುತ್ತಿದ್ದವು. ನಾನು ಒತ್ತಿದೆ. ಮೂಡಿದ್ದ ಅರ್ಧವೂ ತೆರೆಯಿಂದ ಹೋಯಿತು. ಮತ್ತೆ ಒತ್ತಿದೆ. ಕೈ ನಿಲ್ಲಲಿಲ್ಲ.

ಆ ಅರ್ಧವನ್ನು ನೋಡಿದವನು ನಾನೊಬ್ಬನೇ. ಅದು ನಿನ್ನದು. ನೋಡಿದ್ದಷ್ಟನ್ನೇ ಬರೆಯುತ್ತಿದ್ದೇನೆ, ನನ್ನದೇನೂ ಸೇರಿಸಿಲ್ಲ. ಹಿಂದೆ ಸ್ಟುಡಿಯೋದ ನೀಲಿ ಪರದೆ. ಎಣ್ಣೆ ಹಾಕಿ ಬಿಗಿಯಾಗಿ ಬಾಚಿದ ಕೂದಲು, ಬೈತಲೆ ಸ್ವಲ್ಪ ಎಡಕ್ಕೆ ಸೊಟ್ಟ. ಒಂದು ಬದಿಗೆ ಕನಕಾಂಬರ. ಅಗಲವಾದ ಹಣೆ, ಅದರಲ್ಲಿ ಸಾಸಿವೆಯಷ್ಟು ಬೊಟ್ಟು. ಎಡಗಡೆಯ ಹುಬ್ಬಿನ ಮೇಲೆ ಹಳೇ ಗಾಯದ ಗುರುತು. ಇಷ್ಟು ಖಚಿತ. ಉಳಿದದ್ದನ್ನು ನೆನೆಯಲು ಹೋದರೆ ಈಚೆಗೆ ನಿನ್ನ ಮುಖವೇ ಬಂದು ಕೂರುತ್ತದೆ. ನೀನು ಆಕೆಯನ್ನೇ ಹೋಲುತ್ತೀಯೋ, ಅಥವಾ ನನ್ನ ತಲೆಯಲ್ಲಿದ್ದದ್ದೂ ಹೋಗುತ್ತಿದೆಯೋ ತಿಳಿಯದು. ಅದಕ್ಕೇ ಈ ಕಾಗದಕ್ಕೆ ಇಷ್ಟು ಅವಸರ.

ಚಿತ್ರ ನಿಂತದ್ದು ಕಣ್ಣಿನ ಕೆಳಗೆ. ಆಕೆ ಕ್ಯಾಮೆರಾ ನೋಡುತ್ತಿರಲಿಲ್ಲ. ರೆಪ್ಪೆ ತಗ್ಗಿಸಿ ಕೆಳಗೆ ಏನನ್ನೋ ನೋಡುತ್ತಿದ್ದಳು. ಏನೆಂದು ಅವತ್ತು ನನಗೆ ತಿಳಿಯಲಿಲ್ಲ. ನಿಮ್ಮಪ್ಪ ಬಂದ ದಿನ, ನೀರು ಕುಡಿದು ಲೋಟ ಕೆಳಗಿಡುತ್ತಾ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: "ಮೊದಲ್ನೇ ಫೋಟೋದಾಗೆ ಮಗಳು ಅವ್ಳ ತೊಡೆಮ್ಯಾಗೆ ಮಲಗಿತ್ತು. ಸ್ಟುಡಿಯೋದವ್ನು ಇತ್ಲಾಗೆ ನೋಡವ್ವ, ಇತ್ಲಾಗೆ ನೋಡವ್ವ ಅಂತ ಎಷ್ಟು ಕೂಗಿದ್ರೂ ಅವ್ಳು ತಲೆ ಎತ್ತಲೇ ಇಲ್ಲ ಸಾರ್."

ನನ್ನನ್ನು ಕ್ಷಮಿಸಬೇಡ. ಸೊಕ್ಕೆಗೆ ಮಾತ್ರ ಒಮ್ಮೆ ಹೋಗಿ ಬಾ ತಾಯಿ. ನಿನಗೆ ಒಳ್ಳೆಯದಾಗಲಿ.

ರೇಣುಕಪ್ರಸಾದ್