ಒಂದಡಿ ಹೆಚ್ಚಾದ ಸ್ಲೀಪಿಂಗ್ ಬ್ಯಾಗ್

ಗುಬ್ಬಿ,

ಪ್ರಾರ್ಥನೆಗೆ ಹೊರಟಿದ್ದೇನೆ. ನಾಳೆಯ ನಿನ್ನ ಬೆಟ್ಟದ ಶಿಬಿರಕ್ಕೆಂದು ತಂದ ಸ್ಲೀಪಿಂಗ್ ಬ್ಯಾಗ್ ಮಂಚದ ಮೇಲಿದೆ. ಬಿಚ್ಚಿ ನೋಡಿ ಬೈಯಬೇಡ. ಅದು ನಿನಗೆ ಒಂದಡಿ ಉದ್ದ.

ಅಂಗಡಿಯವನು ತಾಳ್ಮೆಯಿಂದಲೇ ತಿಳಿಸಿದ. "ಗರಿ ತುಂಬಿದ್ದು ಹಗುರ ಅಜ್ಜಾ, ಆದ್ರೆ ಒದ್ದೆಯಾದ್ರೆ ಕೈಕೊಡುತ್ತೆ" ಎಂದ. ನೀನೋ ನೀರಿನ ಲೋಟವನ್ನು ನೆಟ್ಟಗೆ ಇಟ್ಟವಳಲ್ಲ. ಅದಕ್ಕೇ ಕೃತಕ ನಾರು ತುಂಬಿದ್ದನ್ನು ಆರಿಸಿದೆ. ಆಮೇಲೆ, "ಮಲಗೋರ ಎತ್ತರ ಎಷ್ಟು?" ಎಂದು ಕೇಳಿದ. ಬಾಯಿಗೆ ಬಂದದ್ದು ನಿನ್ನ ಅಪ್ಪನ ಎತ್ತರ. ಇಷ್ಟು ವರ್ಷ ಬಟ್ಟೆ ಕೊಳ್ಳುವಾಗೆಲ್ಲ ಅವನ ಅಳತೆಯನ್ನೇ ಹೇಳಿದ ನಾಲಗೆ ಇದು. ಅವನು ಹೋಗಿ ಆರು ತಿಂಗಳಾದರೂ ಅದಕ್ಕೆ ಬುದ್ಧಿ ಬಂದಿಲ್ಲ. ಮನೆಯಲ್ಲಿ ಹಾಸಿ ನೋಡಿದಾಗಲೇ ತಪ್ಪು ತಿಳಿದದ್ದು.

ಕಾಲ ಬಳಿ ಜಾಗ ಖಾಲಿ ಉಳಿದರೆ ಚಳಿ ಅಲ್ಲೇ ಕೂರುತ್ತದಂತೆ. ಹಾಗೇ ಒಯ್ಯಬೇಡ. ರಸೀದಿ ಅದರ ಕವರಿನಲ್ಲಿದೆ. ಇವತ್ತೇ ಹೋಗಿ ಬದಲಾಯಿಸು. ನಾಚಿಕೊಳ್ಳದೆ ಅಂಗಡಿಯಲ್ಲೇ ಒಳಗೆ ಮಲಗಿ ನೋಡಿ ತೆಗೆದುಕೊ.

ಅಂಗಡಿಗೆ ನಾನು ಬರಲಾರೆ, ಮಗು. ಕಾಲುನೋವು ಎನ್ನಬಹುದಿತ್ತು, ಆದರೆ ಅದು ಬರೀ ನೆಪ. 'ಕೊಟ್ಟವನೂ ನೀನೇ, ಕರೆದುಕೊಂಡವನೂ ನೀನೇ' ಎಂದು ದೇವರಿಗೆ ದಿನವೂ ಒಪ್ಪಿಸಿ ಬರುತ್ತೇನೆ. ಅವನ ಅಳತೆಯ ಆ ಸ್ಲೀಪಿಂಗ್ ಬ್ಯಾಗನ್ನು ಹಿಂದಕ್ಕೆ ಕೊಡುವುದು ಮಾತ್ರ ನನ್ನ ಕೈಯಲ್ಲಾಗದು.

ಅಜ್ಜ